ಜೈಲಿನೊಳಗಿನ ಲೈಂಗಿಕ ದೌರ್ಜನ್ಯದ ದೂರು: ತನಿಖಾಧಿಕಾರಿಗಳಿಗೆ ಏನನ್ನು ಕಲಿಸಬೇಕು?

ಕೋಟೆಕೆರೆ_ವಕೀಲ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮೂರು ಜಿಲ್ಲೆಗಳ ಪೊಲೀಸ್ ಉಪನಿರೀಕ್ಷಕರು, ನಿರೀಕ್ಷಕರು ಮತ್ತು ಕೆಲವು ಕಾರಾಗೃಹ ಅಧಿಕಾರಿಗಳಿಗಾಗಿ ಎರಡು ದಿನಗಳ ತರಬೇತಿಯ ಪಠ್ಯವನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಜೈಲಿನೊಳಗೆ ಸಿಬ್ಬಂದಿಯಿಂದಲೋ ಸಹಕೈದಿಯಿಂದಲೋ ಲೈಂಗಿಕ ದೌರ್ಜನ್ಯ ನಡೆದಿದೆ ಎಂಬ ದೂರು ಬಂದಾಗ ಅದನ್ನು ಹೇಗೆ ತನಿಖೆ ಮಾಡಬೇಕು ಎಂಬುದೇ ವಿಷಯ.

ಮೊದಲ ದಿನ ಕಾನೂನಿನ ಕಲಂಗಳು, ಎರಡನೆಯ ದಿನ ವೈದ್ಯಕೀಯ ಪರೀಕ್ಷೆ, ವಿಧಿವಿಜ್ಞಾನ ಮತ್ತು ವರದಿ ಬರವಣಿಗೆ ಎಂದು ಕರಡು ಮಾಡಿಕೊಂಡಿದ್ದೇನೆ. ಆದರೆ ಬರೆದು ಮುಗಿಸಿ ಓದಿದಾಗ, ಇದು ಯಾವುದೇ ಅತ್ಯಾಚಾರ ಪ್ರಕರಣದ ತನಿಖೆಗೆ ಹೊಂದುವ ಪಠ್ಯವಾಗಿ ಕಂಡಿತೇ ಹೊರತು ಇದರಲ್ಲಿ ಜೈಲು ಎಲ್ಲಿಯೂ ಕಾಣಲಿಲ್ಲ. ಹಿಂಡಲಗಾದಂಥ ಕೇಂದ್ರ ಕಾರಾಗೃಹಕ್ಕೂ ತಾಲ್ಲೂಕು ಮಟ್ಟದ ಸಣ್ಣ ಉಪಕಾರಾಗೃಹಕ್ಕೂ ಒಂದೇ ಪಾಠ ಸಾಕಾಗುತ್ತದೆಯೇ ಎಂಬ ಸಂದೇಹವೂ ಇದೆ. ಅನುಭವ ಇರುವವರು ದಯವಿಟ್ಟು ಬರೆಯಿರಿ. ಯಾವುದೇ ಪ್ರಕರಣವನ್ನು, ವ್ಯಕ್ತಿಯನ್ನು ಅಥವಾ ಜೈಲನ್ನು ಹೆಸರಿಸಬೇಡಿ. ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ.

ಗುಮ್ಮಟದ_ನೆರಳು (ವಿಜಯಪುರ)

ಮಹಿಳಾ ವಿಭಾಗದಲ್ಲಿ ವಾರ್ಡರ್ ಆಗಿದ್ದು ನಿವೃತ್ತಳಾದವಳು ನಾನು. ಕಲಂಗಳ ಬಗ್ಗೆ ನೀವು ಬರೆಯಿರಿ, ನಾನು ಕರೆಕಳುಹಿಸುವ ಬಗ್ಗೆ ಬರೆಯುತ್ತೇನೆ.

ತನಿಖಾಧಿಕಾರಿ ಬಂದು ಅಧೀಕ್ಷಕರ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಚಹಾ ಕುಡಿಯುತ್ತ, "ಆ ಹೆಣ್ಣುಮಗಳನ್ನು ಕರೆಸಿ" ಎಂದು ಹೇಳಿದರೆ ಆ ದೂರು ಅಲ್ಲಿಗೇ ಮುಗಿದಂತೆ. ಅವಳನ್ನು ಕರೆದುಕೊಂಡು ಬರುವ ವಾರ್ಡರ್ ದಾರಿಯಲ್ಲಿ ಒಂದು ಮಾತನ್ನೂ ಆಡಬೇಕಾಗಿಲ್ಲ. ಮುಲಾಖತ್ತು (ಮನೆಯವರ ಭೇಟಿ), ಕ್ಯಾಂಟೀನು, ಮಾತ್ರೆ, ಕೆಲಸದ ಹಂಚಿಕೆ, ಮಾಫಿ (ಶಿಕ್ಷೆಯಲ್ಲಿ ಕಡಿತ), ಪೆರೋಲಿನ ಶಿಫಾರಸು, ರಾತ್ರಿ ಯಾವ ಬರಾಕಿನಲ್ಲಿ ಯಾರ ಪಕ್ಕ ಮಲಗಬೇಕು ಎಂಬುದರವರೆಗೆ ಅವಳ ದಿನದ ಪ್ರತಿಯೊಂದು ಸಂಗತಿಯೂ ಯಾರ ಕೈಯಲ್ಲಿದೆಯೋ ಅವರ ಮೇಲೆಯೇ ಅವಳು ದೂರು ಹೇಳಬೇಕು. ಹೇಳಿದ ಮೇಲೆ ಮತ್ತೆ ಅದೇ ಬರಾಕಿಗೆ ಹೋಗಿ ಮಲಗಬೇಕು. ಹೊರಗಿನ ಸಂತ್ರಸ್ತೆ ಠಾಣೆಯಿಂದ ತನ್ನ ಮನೆಗೆ ಹೋಗುತ್ತಾಳೆ. ಇವಳಿಗೆ ಆ ಅವಕಾಶವಿಲ್ಲ.

ಆದ್ದರಿಂದ ಕರೆಯುವುದಾದರೆ ಅದೇ ವಿಭಾಗದ ಹಲವರನ್ನು ಕರೆಯಬೇಕು, ಎಲ್ಲರೊಂದಿಗೂ ಸರಿಸುಮಾರು ಒಂದೇ ಹೊತ್ತು ಮಾತನಾಡಬೇಕು, ಕಾನೂನು ನೆರವಿನ ಕೋಣೆಯಂಥ ಜಾಗದಲ್ಲಿ ಕೂರಬೇಕು. ಹಾಗೆ ಮಾಡಿದರೆ ಯಾರು ಏನು ಹೇಳಿದರು ಎಂಬುದು ಸಂಜೆ ಕೈದಿಗಳನ್ನು ಎಣಿಸುವ ಗಿಂತಿಯ ಹೊತ್ತಿಗೆ ಇಡೀ ಜೈಲಿಗೆ ಗೊತ್ತಾಗುವುದಿಲ್ಲ. ನಿಮ್ಮ ಪಠ್ಯದ ಮೊದಲನೆಯ ಗಂಟೆ ಇದಕ್ಕೆ ಮೀಸಲಾಗಲಿ.

ನೇರಮಾತು (ಗೋಕಾಕ)

ಎಲ್ಲರೂ ದೂರು ನಿಜವೆಂದೇ ಭಾವಿಸಿ ಮಾತನಾಡುತ್ತಿದ್ದೀರಿ. ಬೇರೆ ಜೈಲಿಗೆ ವರ್ಗವಾಗಬೇಕೆಂದು, ಮೊಬೈಲ್ ಹಿಡಿದ ಶಿಸ್ತಿನ ಅಧಿಕಾರಿಯನ್ನು ಎತ್ತಂಗಡಿ ಮಾಡಿಸಬೇಕೆಂದು ಕೈದಿಗಳು ಕೊಡುವ ದೂರುಗಳು ಕಡಿಮೆಯೇನಿಲ್ಲ. ಮೊದಲು ಸುಳ್ಳು ದೂರನ್ನು ಗುರುತಿಸುವುದನ್ನು ಕಲಿಸಿರಿ, ಉಳಿದದ್ದು ಆಮೇಲೆ.

ನವನಗರ_ಖಾಕಿ (ಬಾಗಲಕೋಟೆ)

ನೇರಮಾತು ಅವರೇ, ದೂರು ಕೊಡಲು ಕೈದಿಗೆ ಒಂದು ಉದ್ದೇಶವಿರಬಹುದು, ಅಲ್ಲಗಳೆಯಲು ಸಿಬ್ಬಂದಿಗೂ ಒಂದು ಉದ್ದೇಶವಿರಬಹುದು. ಉದ್ದೇಶ ಸಾಕ್ಷ್ಯವಲ್ಲ. ಇಪ್ಪತ್ತು ಮೊಕದ್ದಮೆಗಳಿರುವ ಕಳ್ಳಿಯ ಮೇಲೂ ಅತ್ಯಾಚಾರ ನಡೆಯಬಹುದು ಎಂಬುದನ್ನು ನಮ್ಮ ಇಲಾಖೆಯಲ್ಲಿ ಎಲ್ಲರೂ ಬಾಯಲ್ಲಿ ಒಪ್ಪುತ್ತಾರೆ, ಆದರೆ ಹೇಳಿಕೆ ಬರೆದುಕೊಳ್ಳುವಾಗ ಮೊದಲ ಪ್ರಶ್ನೆಯಾಗಿ "ನಿನ್ನ ಮೇಲೆ ಯಾವ ಕೇಸಿದೆ?" ಎಂದೇ ಕೇಳುತ್ತಾರೆ.

ಅಮೆರಿಕದಲ್ಲಿ ಜೈಲು ಅತ್ಯಾಚಾರ ನಿರ್ಮೂಲನೆಗಾಗಿ 2003ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತು, ಅದರಡಿ 2012ರಲ್ಲಿ ಮಾನದಂಡಗಳು ಪ್ರಕಟವಾದವು. ಜೈಲಿನ ದೂರುಗಳನ್ನು ತನಿಖೆ ಮಾಡುವವರಿಗೆ ಸಾಮಾನ್ಯ ತರಬೇತಿಯ ಜೊತೆಗೆ ವಿಶೇಷ ತರಬೇತಿಯೂ ಆಗಿರಬೇಕು ಎಂದು ಅವು ಹೇಳುತ್ತವೆ. ಸಂತ್ರಸ್ತರೊಂದಿಗೆ ಮಾತನಾಡುವ ಕ್ರಮ, ಆರೋಪಿಗೆ ನೀಡಬೇಕಾದ ಎಚ್ಚರಿಕೆಗಳು, ಬಂಧನದ ಸ್ಥಳದಲ್ಲಿ ಸಾಕ್ಷ್ಯ ಸಂಗ್ರಹಿಸುವ ವಿಧಾನ, ಆರೋಪವನ್ನು ದೃಢಪಡಿಸಲು ಬೇಕಾಗುವ ಪುರಾವೆಯ ಮಟ್ಟ, ಇವು ಆ ತರಬೇತಿಯ ಮುಖ್ಯ ಭಾಗಗಳು. ವ್ಯಕ್ತಿಯ ವಿಶ್ವಾಸಾರ್ಹತೆಯನ್ನು ಅವರವರ ಹೇಳಿಕೆಯಿಂದ ಅಳೆಯಬೇಕೇ ಹೊರತು ಕೈದಿ ಅಥವಾ ಸಿಬ್ಬಂದಿ ಎಂಬ ಸ್ಥಾನದಿಂದ ಅಲ್ಲ ಎಂದೂ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ದೂರುದಾರರು ಸುಳ್ಳುಪತ್ತೆ ಯಂತ್ರಕ್ಕೆ ಒಪ್ಪಿದರೆ ಮಾತ್ರ ತನಿಖೆ ಮುಂದುವರಿಸುತ್ತೇವೆ ಎನ್ನುವಂತಿಲ್ಲ. ಆರೋಪಿ ನೌಕರಿ ಬಿಟ್ಟ ಮಾತ್ರಕ್ಕೆ ಅಥವಾ ಕೈದಿ ಬಿಡುಗಡೆಯಾದ ಮಾತ್ರಕ್ಕೆ ತನಿಖೆಯನ್ನು ಕೈಬಿಡುವಂತೆಯೂ ಇಲ್ಲ.

ಅವರ ವರದಿಯಲ್ಲಿ ಮೂರು ಬಗೆಯ ತೀರ್ಮಾನಗಳಿವೆ: ದೃಢಪಟ್ಟಿದೆ, ದೃಢಪಡಿಸಲು ಸಾಕಷ್ಟು ಪುರಾವೆ ಸಿಕ್ಕಿಲ್ಲ, ಘಟನೆಯೇ ನಡೆದಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಇರುವ ಅಂತರವನ್ನು ನಾವು ಕಲಿಯಬೇಕು. ಪುರಾವೆ ಸಿಗದಿದ್ದಾಗ "ಸುಳ್ಳು ದೂರು" ಎಂದು ಬರೆದು ಪ್ರಕರಣ ಮುಚ್ಚುವ ಬಿ ರಿಪೋರ್ಟ್ ಹಾಕಿ ಕೈತೊಳೆದುಕೊಂಡರೆ, ಮುಂದಿನ ದೂರುದಾರಳು ಬಾಯಿ ತೆರೆಯುವುದಿಲ್ಲ.

ನೇರಮಾತು (ಗೋಕಾಕ)

ಅಮೆರಿಕದ ಮಾನದಂಡಗಳಲ್ಲಿ ಆರೋಪ ನಿಜವಾಗಿರುವ ಸಂಭವ ಹೆಚ್ಚು ಎಂದು ಕಂಡರೆ ಸಾಕು, ದೃಢಪಟ್ಟಿತು ಎನ್ನುತ್ತಾರೆ. ಆ ಅಳತೆಯಲ್ಲಿ ಇಲ್ಲಿ ಯಾರನ್ನೂ ಜೈಲಿಗೆ ಕಳುಹಿಸಲಾಗದು. ಸಂದೇಹಾತೀತವಾಗಿ ಸಾಬೀತಾಗಬೇಕು ಎಂಬುದು ನಮ್ಮ ನಿಯಮ.

ಕೋಟೆಕೆರೆ_ವಕೀಲ (ಬೆಳಗಾವಿ)

ಅಲ್ಲಿಯೂ ಆ ಅಳತೆ ಆಡಳಿತಾತ್ಮಕ ತನಿಖೆಗೆ ಮಾತ್ರ ಸಂಬಂಧಿಸಿದ್ದು, ಕ್ರಿಮಿನಲ್ ಶಿಕ್ಷೆಗೆ ಸಂದೇಹಾತೀತ ಪುರಾವೆ ಬೇಕೇ ಬೇಕು. ನಮ್ಮಲ್ಲಿಯೂ ಹಾಗೆಯೇ. ಇಲಾಖಾ ವಿಚಾರಣೆಯಲ್ಲಿ ಸಂಭವನೀಯತೆಯ ಮೇಲುಗೈ ಸಾಕು, ನ್ಯಾಯಾಲಯದಲ್ಲಿ ಸಾಲದು. ಈ ಎರಡು ಹಾದಿಗಳನ್ನು ಬೆರೆಸಬಾರದು ಎಂಬುದನ್ನೇ ಮುಖ್ಯವಾಗಿ ಕಲಿಸಬೇಕಾಗಿದೆ. ವಿವರಣೆ ಕೊಡದಿದ್ದರೆ ಅಮಾನತು ಎಂದು ಹೆದರಿಸಿ ಅಧೀಕ್ಷಕರು ಸಿಬ್ಬಂದಿಯಿಂದ ಬರೆಸಿಕೊಂಡ ಹೇಳಿಕೆಯನ್ನೇ ತನಿಖೆಯ ಬುನಾದಿ ಮಾಡಿಕೊಂಡರೆ, ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳಲು ಬಲವಂತಪಡಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿಯ ಆಕ್ಷೇಪ ಬರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 1967ರಲ್ಲಿಯೇ ಗ್ಯಾರಿಟಿ ಪ್ರಕರಣದಲ್ಲಿ, ನೌಕರಿ ಹೋಗುತ್ತದೆ ಎಂಬ ಬೆದರಿಕೆಯಿಂದ ಪಡೆದ ಹೇಳಿಕೆಯನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ಬಳಸುವಂತಿಲ್ಲ ಎಂದಿತು. ಇಲಾಖೆಯ ಆತುರದಿಂದ ನಿಜವಾದ ಆರೋಪಿಯೂ ತಪ್ಪಿಸಿಕೊಳ್ಳಬಹುದು.

ಕಾನೂನು_ವಿದ್ಯಾರ್ಥಿ (ವಿಜಯಪುರ)

ಐಪಿಸಿ 376(2) ಜೈಲು ಸಿಬ್ಬಂದಿಗೆ ಅನ್ವಯವಾಗುತ್ತದೆ. ಅಷ್ಟನ್ನು ಕಲಿಸಿದರೆ ಸಾಲದೇ?

ಚನ್ನಮ್ಮ_ಸರ್ಕಲ್ (ಬೆಳಗಾವಿ)

ಸಾಲದು. 2024ರ ಜುಲೈ 1ರಿಂದ ನಡೆದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯವಾಗುತ್ತದೆ, ಅದಕ್ಕಿಂತ ಹಿಂದಿನವುಗಳಿಗೆ ಐಪಿಸಿ. ಜೈಲಿನ ದೂರುಗಳು ತಡವಾಗಿ ಬರುವುದರಿಂದ ಇನ್ನೂ ಹಲವು ವರ್ಷ ಎರಡನ್ನೂ ಕೈಯಲ್ಲಿಟ್ಟುಕೊಳ್ಳಬೇಕು.

ಹೊಸ ಸಂಹಿತೆಯ 64(2)(ಡಿ) ಜೈಲಿನ ಆಡಳಿತಕ್ಕೆ ಅಥವಾ ಸಿಬ್ಬಂದಿಗೆ ಸೇರಿದವನು ಅಲ್ಲಿನ ಮಹಿಳೆಯ ಮೇಲೆ ಎಸಗಿದ ಅತ್ಯಾಚಾರಕ್ಕೆ ಸಂಬಂಧಿಸಿದೆ. ಕನಿಷ್ಠ ಶಿಕ್ಷೆ 10 ವರ್ಷಗಳ ಕಠಿಣ ಸೆರೆವಾಸ, ಅದು ಜೀವಿತಾವಧಿಯವರೆಗೂ ವಿಸ್ತರಿಸಬಹುದು. ತರಬೇತಿಯಲ್ಲಿ ಎಲ್ಲರೂ ಮರೆಯುವುದು 68ನೇ ಕಲಂ. ಅಧಿಕಾರವನ್ನು ದುರುಪಯೋಗಪಡಿಸಿಕೊಂಡು, ತನ್ನ ವಶದಲ್ಲಿರುವ ಮಹಿಳೆಯನ್ನು ಪುಸಲಾಯಿಸಿ ನಡೆಸಿದ ಸಂಭೋಗವು ಅತ್ಯಾಚಾರದ ವ್ಯಾಖ್ಯೆಗೆ ಒಳಪಡದಿದ್ದರೂ 5ರಿಂದ 10 ವರ್ಷಗಳ ಶಿಕ್ಷೆಗೆ ಗುರಿಯಾಗುವ ಅಪರಾಧ. "ಅವಳೇ ಒಪ್ಪಿದ್ದಳು" ಎಂಬ ಜವಾಬು ಬಂದ ಕೂಡಲೇ ಕಡತವನ್ನು ಮುಚ್ಚುವ ತನಿಖಾಧಿಕಾರಿಗೆ ಈ ಕಲಂ ಗೊತ್ತಿಲ್ಲವೆಂದೇ ಅರ್ಥ.

ಇನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 120ನೇ ಕಲಂ. 64(2)ರ ಅತ್ಯಾಚಾರ ಪ್ರಕರಣದಲ್ಲಿ ಸಂಭೋಗ ನಡೆದಿರುವುದು ಸಾಬೀತಾಗಿ, ತಾನು ಒಪ್ಪಿರಲಿಲ್ಲ ಎಂದು ಮಹಿಳೆ ನ್ಯಾಯಾಲಯದಲ್ಲಿ ಹೇಳಿದರೆ, ಒಪ್ಪಿಗೆ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸತಕ್ಕದ್ದು. ಇದರ ಹಿಂದೆ ಒಂದು ಇತಿಹಾಸವಿದೆ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯಲ್ಲಿ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರು ಅತ್ಯಾಚಾರ ಎಸಗಿದರೆಂಬ ಪ್ರಕರಣದಲ್ಲಿ, ಮೈಮೇಲೆ ಗಾಯಗಳಿರಲಿಲ್ಲ, ಪ್ರತಿರೋಧವಿರಲಿಲ್ಲ ಎಂಬಂಥ ಕಾರಣಗಳನ್ನು ನೀಡಿ ಸುಪ್ರೀಂ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್ವಾರ್ ಮತ್ತು ರಘುನಾಥ ಕೇಳ್ಕರ್ ಬರೆದ ಬಹಿರಂಗ ಪತ್ರ, ಆ ಬಳಿಕ ದೇಶದಾದ್ಯಂತ ನಡೆದ ಹೋರಾಟಗಳ ಫಲವಾಗಿ 1983ರ ತಿದ್ದುಪಡಿ ಬಂದಿತು. ಗಾಯವಿಲ್ಲದ ಕಡೆ ಒಪ್ಪಿಗೆಯನ್ನು ಹುಡುಕಬೇಡಿ ಎಂಬುದನ್ನು ಆ ಪ್ರಕರಣದ ಮೂಲಕ ಹೇಳಿದರೆ ಅಧಿಕಾರಿಗಳ ತಲೆಯಲ್ಲಿ ನಿಲ್ಲುತ್ತದೆ.

ಸರ್ಕಾರದ ಪೂರ್ವಾನುಮತಿ ಬರಲಿ ಎಂದು ಕಡತವನ್ನು ಕಪಾಟಿನಲ್ಲಿ ಇಡುವುದೂ ಬೇಡ. ಈ ಅಪರಾಧಗಳಲ್ಲಿ ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ಹೂಡಲು ಅನುಮತಿ ಬೇಕಾಗಿಲ್ಲ ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂನ ವಿವರಣೆಯೇ ಹೇಳುತ್ತದೆ.

ಇಂಡಿ_ನಿಂಬೆ (ಇಂಡಿ)

ಎಲ್ಲರೂ ಮಹಿಳಾ ಬರಾಕಿನ ಬಗ್ಗೆಯೇ ಬರೆಯುತ್ತಿದ್ದೀರಿ, ಜೈಲಿನಲ್ಲಿ ಹೆಚ್ಚಿನವರು ಗಂಡಸರು ಎಂಬುದು ನೆನಪಿರಲಿ.

ಸ್ಟೆತಸ್ಕೋಪ್ (ಬೆಳಗಾವಿ)

ಗಂಡಸರ ವಿಷಯಕ್ಕೆ ಯಾರಾದರೂ ಬಂದೇ ಬರುತ್ತಾರೆ, ಅಷ್ಟರಲ್ಲಿ ವೈದ್ಯಳಾಗಿ ನನ್ನ ಮಾತನ್ನು ಹೇಳುತ್ತೇನೆ.

ಮಾಹಿತಿ ಬಂದ 24 ಗಂಟೆಗಳೊಳಗೆ ಸಂತ್ರಸ್ತೆಯನ್ನು ಪರೀಕ್ಷೆಗೆ ಕಳುಹಿಸಬೇಕು, ವೈದ್ಯರು 7 ದಿನಗಳೊಳಗೆ ವರದಿ ಕೊಡಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 184ನೇ ಕಲಂ ಹೇಳುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಲ್ಲಿ ದೇಹದಿಂದ ಮಾದರಿ ಸಂಗ್ರಹಿಸಲು 96 ಗಂಟೆಗಳ ಅವಧಿಯನ್ನು ಸೂಚಿಸಲಾಗಿದೆ. ಆದರೆ ಜೈಲಿನ ದೂರು ಜಾಮೀನಿನ ಮೇಲೆ ಹೊರಬಂದ ನಂತರವೋ, ನ್ಯಾಯಾಲಯದ ತಾರೀಖಿಗೆ ಬಂದು ವಕೀಲರ ಕಿವಿಗೆ ಹಾಕಿದ ನಂತರವೋ ಬರುವುದೇ ಹೆಚ್ಚು. ಅವಧಿ ಮೀರಿತೆಂದು ಪರೀಕ್ಷೆಯನ್ನೇ ಬಿಟ್ಟುಬಿಡುವ ಅಧಿಕಾರಿಗಳನ್ನು ಕಂಡಿದ್ದೇನೆ. ಗರ್ಭಧಾರಣೆ, ಸೋಂಕು, ಮಾಯುತ್ತಿರುವ ಗಾಯ, ನಿದ್ರಾಹೀನತೆ, ಇವೆಲ್ಲವೂ ದಾಖಲಾಗಬೇಕಾದ ಸಂಗತಿಗಳು. ಎಲ್ಲಕ್ಕಿಂತ ಮೊದಲು ಅವಳಿಗೆ ಚಿಕಿತ್ಸೆ ಬೇಕು.

ಯೋನಿಯೊಳಗೆ ಬೆರಳು ಹಾಕಿ ಸಂಭೋಗದ ರೂಢಿಯನ್ನು ಅಳೆಯುವ ಎರಡು ಬೆರಳಿನ ಪರೀಕ್ಷೆ ಸಂತ್ರಸ್ತೆಯ ಖಾಸಗಿತನವನ್ನು ಉಲ್ಲಂಘಿಸುತ್ತದೆ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಅದನ್ನು ನಡೆಸುವವರು ದುರ್ವರ್ತನೆಯ ತಪ್ಪಿತಸ್ಥರಾಗುತ್ತಾರೆ ಎಂದು 2022ರಲ್ಲಿ ಮತ್ತೆ ಎಚ್ಚರಿಸಿತು. ಆದ್ದರಿಂದ ತನಿಖಾಧಿಕಾರಿಯ ಕೋರಿಕೆ ಪತ್ರದಲ್ಲಿ "ಸಂಭೋಗಕ್ಕೆ ಒಗ್ಗಿಕೊಂಡವಳೇ ತಿಳಿಸಿ" ಎಂಬ ಹಳೆಯ ನಮೂನೆಯ ಸಾಲು ಇರಕೂಡದು.

ಜೈಲಿನ ವೈದ್ಯರು ಎಷ್ಟೇ ಒಳ್ಳೆಯವರಾಗಿದ್ದರೂ ದಿನವೂ ಅದೇ ಅಧೀಕ್ಷಕರೊಂದಿಗೆ ಕೆಲಸ ಮಾಡುವವರು, ಆದ್ದರಿಂದ ಪರೀಕ್ಷೆ ಹೊರಗಿನ ಜಿಲ್ಲಾ ಆಸ್ಪತ್ರೆಯಲ್ಲಿಯೇ ನಡೆಯಬೇಕು. ಕಾವಲಿನವರು ಪರೀಕ್ಷಾ ಕೋಣೆಯ ಬಾಗಿಲ ಹೊರಗೆ ನಿಲ್ಲಬೇಕು, ಪರದೆಯ ಪಕ್ಕದಲ್ಲಿ ಅಲ್ಲ. ಪರೀಕ್ಷೆಗೆ ಅವಳ ಒಪ್ಪಿಗೆ ಬೇಕು, ಕೈದಿ ಎಂಬ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ.

ಗುಮ್ಮಟದ_ನೆರಳು (ವಿಜಯಪುರ)

ಡಾಕ್ಟರ್ ಹೇಳಿದ ಮಾತಿಗೆ ಒಂದು ಸೇರ್ಪಡೆ. ದೇಹದ ಸಾಕ್ಷ್ಯ ಹೋಗಿದ್ದರೂ ಕಾಗದದ ಸಾಕ್ಷ್ಯ ಜೈಲಿನಲ್ಲಿ ಇರುವಷ್ಟು ಬೇರೆಲ್ಲಿಯೂ ಇರುವುದಿಲ್ಲ. ಹೆಬ್ಬಾಗಿಲಿನ ಪುಸ್ತಕ, ಕರ್ತವ್ಯದ ಪಟ್ಟಿ, ಬೀಗದ ಕೈಗಳನ್ನು ಕೊಟ್ಟು ಪಡೆದ ಪುಸ್ತಕ, ರಾತ್ರಿ ಗಸ್ತಿನ ಪುಸ್ತಕ, ಬರಾಕು ಮುಚ್ಚಿದ ಮತ್ತು ತೆರೆದ ಹೊತ್ತಿನ ಲೆಕ್ಕ, ಆಸ್ಪತ್ರೆಯ ಚೀಟಿ, ಮುಲಾಖತ್ತಿನ ಪುಸ್ತಕ. ಮಹಿಳಾ ವಿಭಾಗಕ್ಕೆ ಗಂಡಸು ಸಿಬ್ಬಂದಿ ಒಬ್ಬರೇ ಕಾಲಿಡುವಂತಿಲ್ಲ, ಮಹಿಳಾ ಸಿಬ್ಬಂದಿ ಜೊತೆಗಿರಲೇಬೇಕು. ಆ ದಿನ ಆ ಹೊತ್ತಿಗೆ ಯಾರು ಜೊತೆಗಿದ್ದರು, ಏಕೆ ಬಂದರು, ಅದನ್ನು ಪುಸ್ತಕದಲ್ಲಿ ಬರೆದಿದ್ದಾರೆಯೇ ಎಂದು ಕೇಳಿದರೆ ಅರ್ಧ ಸತ್ಯ ಹೊರಬೀಳುತ್ತದೆ.

ಪುಸ್ತಕಗಳನ್ನು ಮೊದಲ ದಿನವೇ ಜಪ್ತಿ ಮಾಡಬೇಕು. "ನಾಳೆ ಪ್ರತಿ ಮಾಡಿಸಿ ಕಳುಹಿಸುತ್ತೇವೆ" ಎಂದರೆ ಒಪ್ಪಬಾರದು. ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಇಡೀ ತಿಂಗಳ ಪುಸ್ತಕ ರಾತ್ರೋರಾತ್ರಿ ಹೊಸದಾಗಿ ಹುಟ್ಟಿಬಂದದ್ದನ್ನು ನಾನು ಕೆಲಸ ಮಾಡಿದ ಒಂದು ಕಡೆ ಕಣ್ಣಾರೆ ಕಂಡಿದ್ದೇನೆ, ಊರಿನ ಹೆಸರು ಬೇಡ.

ಕಾನೂನು_ವಿದ್ಯಾರ್ಥಿ (ವಿಜಯಪುರ)

ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಆದೇಶಿಸಿದೆ. ಪುಸ್ತಕ ತಿದ್ದಿದರೂ ಕ್ಯಾಮೆರಾ ಹೇಳುತ್ತದೆ.

ನವನಗರ_ಖಾಕಿ (ಬಾಗಲಕೋಟೆ)

ಪರಮವೀರ್ ಸಿಂಗ್ ಸೈನಿ ಪ್ರಕರಣದ ಆ ಆದೇಶ ಪೊಲೀಸ್ ಠಾಣೆಗಳಿಗೆ ಮತ್ತು ಸಿಬಿಐ, ಇಡಿಯಂಥ ತನಿಖಾ ಸಂಸ್ಥೆಗಳ ಕಚೇರಿಗಳಿಗೆ ಸಂಬಂಧಿಸಿದ್ದು, ಜೈಲುಗಳಿಗಲ್ಲ. ಜೈಲಿನ ಕ್ಯಾಮೆರಾದ ಹಳೆಯ ದೃಶ್ಯಗಳ ಮೇಲೆ ಹೊಸವು ದಾಖಲಾಗುತ್ತ ಹೋಗುತ್ತವೆ, ಎಷ್ಟು ದಿನಗಳಿಗೊಮ್ಮೆ ಎಂಬುದು ಆಯಾ ಯಂತ್ರದ ಸಾಮರ್ಥ್ಯಕ್ಕೆ ಬಿಟ್ಟದ್ದು. ಆದ್ದರಿಂದ ಎಫ್ಐಆರ್ ದಾಖಲಾದ ಗಳಿಗೆಯಲ್ಲಿಯೇ, ದೃಶ್ಯಗಳನ್ನು ಅಳಿಸದೆ ಕಾಪಾಡಿ ಎಂಬ ಲಿಖಿತ ಸೂಚನೆ ಅಧೀಕ್ಷಕರ ಕೈ ಸೇರಿ ಸ್ವೀಕೃತಿ ಪಡೆದಿರಬೇಕು. ವಿದ್ಯುನ್ಮಾನ ದಾಖಲೆಗೆ ಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರವನ್ನು ಅದೇ ಹೊತ್ತಿಗೆ ಪಡೆಯಬೇಕು. ಕ್ಯಾಮೆರಾ ಇಲ್ಲದ ಮೂಲೆ ಯಾವುದು ಎಂಬುದು ಜೈಲಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ ಸ್ಥಳದ ನಕಾಶೆಯಲ್ಲಿ ಅವುಗಳನ್ನೂ ಗುರುತಿಸಬೇಕು.

ಘಟಪ್ರಭಾ_ದಂಡೆ (ಮುಧೋಳ)

ಕಾನೂನು ಸೇವಾ ಪ್ರಾಧಿಕಾರದ ಅರೆಕಾಲಿಕ ಸ್ವಯಂಸೇವಕಿಯಾಗಿ ಜೈಲಿನ ಮಹಿಳೆಯರೊಂದಿಗೆ ಮಾತನಾಡುವ ಅವಕಾಶ ನನಗಿದೆ. ನಮ್ಮ ಭಾಗದ ಜೈಲುಗಳಲ್ಲಿ ತಾಂಡಾದ ಲಂಬಾಣಿ ಮಾತನಾಡುವವರು, ಗಡಿಯ ಮರಾಠಿಯವರು, ಉರ್ದುವಿನವರು ಎಲ್ಲರೂ ಇರುತ್ತಾರೆ. ಇಂಥ ವಿಷಯವನ್ನು ಹೇಳಿಕೊಳ್ಳಲು ಮನೆಮಾತು ಬೇಕು. ಆದರೆ ದುಭಾಷಿಯಾಗಿ ಸಹಕೈದಿಯನ್ನೋ ಕಾವಲಿನವಳನ್ನೋ ಕೂರಿಸಿದರೆ ಹೇಳಿಕೆಗೆ ಬೆಲೆಯಿಲ್ಲ, ದೂರುದಾರಳಿಗೆ ಅಪಾಯವೂ ಇದೆ. ಮೂರೂ ಜಿಲ್ಲೆಗಳಲ್ಲಿ ಹೊರಗಿನ ದುಭಾಷಿಗಳ ಪಟ್ಟಿಯೊಂದು ಮೊದಲೇ ಸಿದ್ಧವಾಗಿರಲಿ.

ಸಂತ್ರಸ್ತೆಯ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಬಯಸಿದ ಸ್ಥಳದಲ್ಲಿ ಮಹಿಳಾ ಅಧಿಕಾರಿ ದಾಖಲಿಸಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ ಹೇಳುತ್ತದೆ. ಕೈದಿಗೆ ಬಯಸಿದ ಸ್ಥಳ ಎಂಬುದು ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ತರಬೇತಿಯಲ್ಲಿ ಬಿಡಿಸಲೇಬೇಕು. ನನ್ನ ಅಭಿಪ್ರಾಯದಲ್ಲಿ ಆಸ್ಪತ್ರೆಯ ಪ್ರತ್ಯೇಕ ಕೋಣೆಯೇ ಸೂಕ್ತ, ಅಲ್ಲಿಂದ ನೇರವಾಗಿ ಮ್ಯಾಜಿಸ್ಟ್ರೇಟರ ಬಳಿಗೆ 183ನೇ ಕಲಂನ ಹೇಳಿಕೆಗಾಗಿ ಕರೆದೊಯ್ಯಬಹುದು. 6 ವರ್ಷದವರೆಗಿನ ಮಕ್ಕಳು ತಾಯಿಯೊಂದಿಗೆ ಜೈಲಿನಲ್ಲಿರಬಹುದು. ತಾಯಿ ಹೇಳಿಕೆ ಕೊಡುವಾಗ ಆ ಮಗು ಯಾರ ಬಳಿ ಇರುತ್ತದೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಆರೋಪಿಯ ಸಹೋದ್ಯೋಗಿಯ ಕಂಕುಳಲ್ಲಿ ಮಗುವನ್ನು ಬಿಟ್ಟು ಬಂದ ತಾಯಿ ಏನು ಹೇಳಿಯಾಳು?

ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಸಂತ್ರಸ್ತೆಗೆ ತಿಳಿಸಬೇಕೆಂದು ಅದೇ ಸಂಹಿತೆಯ 193ನೇ ಕಲಂ ವಿಧಿಸುತ್ತದೆ, ವಿದ್ಯುನ್ಮಾನ ಸಂದೇಶವೂ ಆಗಬಹುದು. ಕೈದಿಯ ಬಳಿ ಮೊಬೈಲ್ ಇಲ್ಲ, ಅಂಚೆಯಲ್ಲಿ ಕಳುಹಿಸಿದ ಪತ್ರ ಜೈಲು ಕಚೇರಿಯಲ್ಲಿ ತೆರೆದು ಓದಿದ ಮೇಲೆಯೇ ಅವಳಿಗೆ ಸಿಗುತ್ತದೆ. ಪ್ರಗತಿಯ ವರದಿಯನ್ನು ಆರೋಪಿಯ ಕಡೆಯವರೇ ಮೊದಲು ಓದುವಂತಾಗದಿರಲು ಅವಳ ವಕೀಲರ ಮೂಲಕ ಖುದ್ದಾಗಿ ತಿಳಿಸಬೇಕು.

ಇಂಡಿ_ನಿಂಬೆ (ಇಂಡಿ)

ಗಂಡಸರ ವಿಷಯಕ್ಕೆ ಇನ್ನೂ ಯಾರೂ ಬರಲಿಲ್ಲ.

ಚನ್ನಮ್ಮ_ಸರ್ಕಲ್ (ಬೆಳಗಾವಿ)

ಬಂದೆ. ಅತ್ಯಂತ ಕಷ್ಟದ ಭಾಗ ಅದೇ. "ಪ್ರಕೃತಿವಿರುದ್ಧ" ಸಂಭೋಗವನ್ನು ಶಿಕ್ಷಿಸುತ್ತಿದ್ದ ಐಪಿಸಿ 377ನೇ ಕಲಂಗೆ ಸಮನಾದದ್ದು ಹೊಸ ಸಂಹಿತೆಯಲ್ಲಿ ಇಲ್ಲ. ಹೀಗಾಗಿ 2024ರ ಜುಲೈ 1ರ ನಂತರ ವಯಸ್ಕ ಪುರುಷ ಕೈದಿಯ ಮೇಲೆ ಬಲಾತ್ಕಾರ ನಡೆದರೆ ಅತ್ಯಾಚಾರದ ಕಲಂ ಅನ್ವಯವಾಗುವುದಿಲ್ಲ. ಗಾಯಪಡಿಸುವಿಕೆ, ಅಕ್ರಮ ಬಂಧನ, ಬೆದರಿಕೆ ಮುಂತಾದ ಕಲಂಗಳನ್ನು ಸೇರಿಸಿ ಪ್ರಕರಣ ಕಟ್ಟಬೇಕು. ಕಲಂ ಇಲ್ಲವೆಂದು ದೂರನ್ನೇ ಸ್ವೀಕರಿಸದಿರುವುದು ಮಾತ್ರ ತಪ್ಪು. ಲಿಂಗತ್ವ ಅಲ್ಪಸಂಖ್ಯಾತ ಕೈದಿಗಳ ವಿಷಯದಲ್ಲಿ ಅವರ ಹಕ್ಕುಗಳ ರಕ್ಷಣೆಗಾಗಿ ಬಂದ 2019ರ ಕಾಯ್ದೆಯ 18ನೇ ಕಲಂ ಇದೆ, ಆದರೆ ಅದರ ಶಿಕ್ಷೆ 6 ತಿಂಗಳಿನಿಂದ 2 ವರ್ಷ ಮಾತ್ರ. ಒಂದೇ ಕೃತ್ಯಕ್ಕೆ ಇಷ್ಟು ಅಂತರ ಏಕೆ ಎಂದು ಪ್ರಶಿಕ್ಷಣಾರ್ಥಿಗಳು ಕೇಳಿದರೆ ತರಬೇತುದಾರರ ಬಳಿ ಒಳ್ಳೆಯ ಉತ್ತರವಿಲ್ಲ, ಅದು ಶಾಸನಸಭೆ ಉತ್ತರಿಸಬೇಕಾದ ಪ್ರಶ್ನೆ.

ದೂರುದಾರನ ವಯಸ್ಸನ್ನು ಪರಿಶೀಲಿಸುವುದನ್ನೂ ಮರೆಯಬೇಡಿ. ಬಂಧನದ ಹೊತ್ತಿಗೆ ವಯಸ್ಸು ಹೆಚ್ಚು ಬರೆಸಿ ವಯಸ್ಕರ ಜೈಲಿಗೆ ಬಂದ ಹುಡುಗನಿಗೆ ಇನ್ನೂ 18 ತುಂಬಿಲ್ಲವಾದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯಾದ ಪೋಕ್ಸೋ ಅನ್ವಯವಾಗುತ್ತದೆ. ಅದು ಗಂಡು ಹೆಣ್ಣೆಂದು ಭೇದ ಮಾಡುವುದಿಲ್ಲ, ಜೈಲು ಸಿಬ್ಬಂದಿಯ ಕೃತ್ಯವನ್ನು 5(ಡಿ) ಅಡಿಯಲ್ಲಿ ಉಗ್ರ ಸ್ವರೂಪದ್ದೆಂದು ಪರಿಗಣಿಸುತ್ತದೆ.

ನೇರಮಾತು (ಗೋಕಾಕ)

ಇಷ್ಟೆಲ್ಲ ಓದಿದ ಮೇಲೂ ನನ್ನ ಪ್ರಶ್ನೆ ಹಾಗೆಯೇ ಇದೆ. ಸುಳ್ಳು ಆರೋಪಕ್ಕೆ ಸಿಕ್ಕ ವಾರ್ಡರನ ಹೆಂಡತಿ ಮಕ್ಕಳು ವಸತಿಗೃಹದಲ್ಲಿ ತಲೆ ಎತ್ತಿ ನಡೆಯಲಾಗದು. ಅವನ ಪರವಾಗಿ ತರಬೇತಿಯಲ್ಲಿ ಏನಿದೆ?

ಗುಮ್ಮಟದ_ನೆರಳು (ವಿಜಯಪುರ)

ಈಗ ತಾನೇ ಹೇಳಿದ ಪುಸ್ತಕಗಳು ಅವನ ಪರವಾಗಿಯೂ ಇವೆ. ಆ ರಾತ್ರಿ ಅವನು ಕಾವಲು ಗೋಪುರದಲ್ಲಿದ್ದನೆಂದು ಕರ್ತವ್ಯದ ಪಟ್ಟಿ ಹೇಳಿದರೆ, ಬೀಗದ ಕೈ ಅವನ ಕೈಗೆ ಬಂದೇ ಇಲ್ಲವೆಂದಾದರೆ, ಅವನು ವಾರದೊಳಗೆ ಆರೋಪದಿಂದ ಹೊರಬರುತ್ತಾನೆ. ಕೆಟ್ಟ ತನಿಖೆಯಲ್ಲಿ ನಿರಪರಾಧಿಗೂ ಬಿಡುಗಡೆಯಿಲ್ಲ, ಜನ "ಒಳಗೊಳಗೇ ಮುಚ್ಚಿಹಾಕಿದರು" ಎಂದು ನಿವೃತ್ತಿಯವರೆಗೂ ಆಡಿಕೊಳ್ಳುತ್ತಾರೆ.

ಚನ್ನಮ್ಮ_ಸರ್ಕಲ್ (ಬೆಳಗಾವಿ)

ಮಹಿಳಾ ವಾರ್ಡರುಗಳಿಗೂ ಮೇಲಧಿಕಾರಿಗಳಿಂದ ಕಿರುಕುಳವಾಗುವುದುಂಟು, ಅವರ ದೂರು ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಆಂತರಿಕ ಸಮಿತಿಗೆ ಹೋಗಬೇಕು ಎಂಬುದನ್ನೂ ಒಂದು ಮಾತಿನಲ್ಲಿ ಹೇಳಿರಿ. ತನ್ನ ದೂರನ್ನೇ ಯಾರೂ ಕೇಳದ ವಾರ್ಡರಳು ಕೈದಿಯ ದೂರಿಗೆ ಸಾಕ್ಷಿ ಹೇಳಲು ಮುಂದೆ ಬರುವುದಿಲ್ಲ.

ಘಟಪ್ರಭಾ_ದಂಡೆ (ಮುಧೋಳ)

ದೂರು ಕೊಟ್ಟವಳನ್ನು "ರಕ್ಷಣೆಗಾಗಿ" ಒಂಟಿ ಕೋಣೆಗೆ ಹಾಕುವ ಪದ್ಧತಿಯ ಬಗ್ಗೆ ಬರೆಯಲೇಬೇಕು. ಅವಳ ಪಾಲಿಗೆ ಅದು ಶಿಕ್ಷೆ, ಉಳಿದವರ ಪಾಲಿಗೆ ಎಚ್ಚರಿಕೆ. ದೂರಿದವರಿಗೆ ತಕ್ಷಣ ರಕ್ಷಣೆ, ಬೆಂಬಲ ಮತ್ತು ಆಪ್ತಸಮಾಲೋಚನೆ ಸಿಗಬೇಕು, ತನಿಖೆಯನ್ನು ಸಮರ್ಥ ಹಾಗೂ ಸ್ವತಂತ್ರ ಪ್ರಾಧಿಕಾರ ನಡೆಸಬೇಕು ಎಂದು ಮಹಿಳಾ ಕೈದಿಗಳ ಕುರಿತ ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಗಳ 25ನೇ ನಿಯಮ ಹೇಳುತ್ತದೆ. ಆರೋಪಿ ಸಿಬ್ಬಂದಿಯನ್ನು ಬೇರೆಡೆಗೆ ಕಳುಹಿಸುವುದು ಸುಲಭ, ನೌಕರಿಯಲ್ಲಿ ವರ್ಗಾವಣೆ ಸಹಜ. ಕೈದಿಯನ್ನು ದೂರದ ಜೈಲಿಗೆ ಸಾಗಿಸಿದರೆ ತಾಯಿ ತಂದೆ ಮುಲಾಖತ್ತಿಗೆ ಬಸ್ಸಿನ ಹಣ ಹೊಂದಿಸಲಾಗದೆ ಕೈಬಿಡುತ್ತಾರೆ.

ಕಾನೂನು_ವಿದ್ಯಾರ್ಥಿ (ವಿಜಯಪುರ)

ಸ್ಥಳೀಯ ಪೊಲೀಸರು ಕ್ರಮ ಕೈಗೊಳ್ಳದಿದ್ದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬಹುದಲ್ಲವೇ?

ಕೋಟೆಕೆರೆ_ವಕೀಲ (ಬೆಳಗಾವಿ)

ಬೆಳಗಾವಿ ಮತ್ತು ಬಾಗಲಕೋಟೆಯವರು ಧಾರವಾಡಕ್ಕೆ, ನಿಮ್ಮ ವಿಜಯಪುರದವರು ಕಲಬುರಗಿ ಪೀಠಕ್ಕೆ. ಆದರೆ ಅಷ್ಟು ದೂರ ಹೋಗುವ ಮೊದಲೇ ಒಂದು ದಾರಿಯಿದೆ. ನ್ಯಾಯಾಲಯದ ಆದೇಶದಿಂದ ಬಂಧನದಲ್ಲಿರುವ ಮಹಿಳೆಯ ಮೇಲೆ ಅತ್ಯಾಚಾರ ನಡೆದಿದೆ ಎಂಬ ಆರೋಪ ಬಂದರೆ, ಪೊಲೀಸ್ ತನಿಖೆಯ ಜೊತೆಗೆ ನ್ಯಾಯಿಕ ಮ್ಯಾಜಿಸ್ಟ್ರೇಟರ ವಿಚಾರಣೆಯೂ ನಡೆಯಬೇಕು. ಹಿಂದೆ ಅದು ಸಿಆರ್‌ಪಿಸಿಯ 176(1ಎ) ಆಗಿತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 196(2). ಬಂಧನದಲ್ಲಿನ ಸಾವು ಮತ್ತು ಅತ್ಯಾಚಾರಗಳನ್ನು 24 ಗಂಟೆಗಳೊಳಗೆ ತನಗೆ ವರದಿ ಮಾಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲಿಯೇ ಸೂಚಿಸಿದೆ. ಸಾವಿನ ವಿಷಯದಲ್ಲಿ ಎಲ್ಲರಿಗೂ ನೆನಪಿರುವ ಈ ಎರಡೂ ಸಂಗತಿಗಳು ಅತ್ಯಾಚಾರದ ವಿಷಯದಲ್ಲಿ ಮರೆತುಹೋಗುತ್ತವೆ.

ನವನಗರ_ಖಾಕಿ (ಬಾಗಲಕೋಟೆ)

ಯಾರು ತನಿಖೆ ಮಾಡಬೇಕು ಎಂಬುದನ್ನು ಯಾರೂ ನೇರವಾಗಿ ಹೇಳಲಿಲ್ಲ, ನಾನು ಹೇಳುತ್ತೇನೆ. ಜೈಲು ಯಾವ ಠಾಣೆಯ ಸರಹದ್ದಿನಲ್ಲಿದೆಯೋ ಆ ಠಾಣೆಯವರಿಗೂ ಜೈಲರಿಗೂ ದಿನವೂ ಕೊಡುಕೊಳೆ ಇರುತ್ತದೆ. ಎಫ್ಐಆರ್ ಅಲ್ಲಿಯೇ ದಾಖಲಾಗಲಿ, ತನಿಖೆ ಮಾತ್ರ ಬೇರೆ ಉಪವಿಭಾಗದ ಅಧಿಕಾರಿಗೆ ಹೋಗಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಗೆ. ದೂರು ದಾಖಲಿಸಲು ನಿರಾಕರಿಸುವುದೇ ನ್ಯಾಯ ಸಂಹಿತೆಯ 199ನೇ ಕಲಂ ಪ್ರಕಾರ ಅಪರಾಧ ಎಂಬುದನ್ನು ಠಾಣೆಯವರಿಗೆ ನೆನಪಿಸಬೇಕು. ತನಿಖೆ 2 ತಿಂಗಳಲ್ಲಿ ಮುಗಿಯಬೇಕಾದ್ದರಿಂದ ಹೊರಗಿನ ಅಧಿಕಾರಿಗೆ ವಾಹನ, ಸಿಬ್ಬಂದಿ ಮತ್ತು ಬೆಳಗಾವಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯದ ಸಂಪರ್ಕವನ್ನು ಮೊದಲೇ ಒದಗಿಸಬೇಕು.

ಕೋಟೆಕೆರೆ_ವಕೀಲ (ಬೆಳಗಾವಿ)

ಕರಡನ್ನು ತಿರುಗಿಸಿ ಬರೆಯುತ್ತಿದ್ದೇನೆ. ಮೊದಲ ದಿನವಿಡೀ ಮೊದಲ 24 ಗಂಟೆಗಳ ಕೆಲಸಕ್ಕೆ ಮೀಸಲು: ಕರೆಯುವುದು, ಕೂರಿಸುವುದು, ಆಸ್ಪತ್ರೆ, ದುಭಾಷಿ, ಪುಸ್ತಕಗಳ ಜಪ್ತಿ, ಸಿಸಿಟಿವಿ ಸೂಚನೆ. ಕಲಂಗಳು ಆಯಾ ಕೆಲಸದ ಜೊತೆಗೇ ಬರಲಿ. ಎರಡನೆಯ ದಿನ ಸಂದರ್ಶನದ ಅಭ್ಯಾಸ ಮತ್ತು ವರದಿ ಬರವಣಿಗೆ. ಉಪಕಾರಾಗೃಹಗಳಲ್ಲಿ ಮಹಿಳಾ ಸಿಬ್ಬಂದಿಯೇ ವಿರಳವಾದ್ದರಿಂದ ಆ ಅಧಿಕಾರಿಗಳಿಗೆ ಪ್ರತ್ಯೇಕ ಅವಧಿಯೊಂದನ್ನು ಇಡುತ್ತೇನೆ. ಅಭ್ಯಾಸದಲ್ಲಿ ದೂರುದಾರಳ ಪಾತ್ರವನ್ನು ಯಾರು ಮಾಡಬೇಕು ಎಂಬುದು ಮಾತ್ರ ಬಗೆಹರಿದಿಲ್ಲ. ನಿಜವಾದ ಕೈದಿಯನ್ನು ಕರೆತರುವ ಸಲಹೆ ಒಬ್ಬರಿಂದ ಬಂದಿದೆ.

ಘಟಪ್ರಭಾ_ದಂಡೆ (ಮುಧೋಳ)

ಖಂಡಿತ ಬೇಡ. ಅವಳಿಗೆ ಇಲ್ಲವೆನ್ನುವ ಸ್ವಾತಂತ್ರ್ಯವಿಲ್ಲ.

ನವನಗರ_ಖಾಕಿ (ಬಾಗಲಕೋಟೆ)

ಪಾತ್ರವನ್ನು ಅಧಿಕಾರಿಗಳೇ ಮಾಡಲಿ, ಅದರಲ್ಲಿಯೂ ಗಂಡು ಅಧಿಕಾರಿಗಳು. ತನ್ನದೇ ಬ್ಯಾಚಿನವನ ಪ್ರಶ್ನೆಗಳಿಗೆ ಹದಿನೈದು ನಿಮಿಷ ಉತ್ತರಿಸಿ ನೋಡಲಿ.

ನೇರಮಾತು (ಗೋಕಾಕ)

ಇದಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ಇನ್ನೊಂದು ಸುತ್ತಿನಲ್ಲಿ ಆರೋಪಕ್ಕೆ ಗುರಿಯಾದ ವಾರ್ಡರನ ಪಾತ್ರವನ್ನೂ ಮಾಡಿಸಬೇಕು.

ಕೋಟೆಕೆರೆ_ವಕೀಲ (ಬೆಳಗಾವಿ)

ಎರಡನ್ನೂ ಮಾಡಿಸುತ್ತೇನೆ.

ಗುಮ್ಮಟದ_ನೆರಳು (ವಿಜಯಪುರ)

ಒಂದು ಕೋರಿಕೆ ಉಳಿದಿದೆ. ಮಧ್ಯಾಹ್ನ ರೊಟ್ಟಿ ಊಟವಾದ ಮೇಲಿನ ಅವಧಿಯಲ್ಲಿ ಭಾಷಣ ಇಡಬೇಡಿ, ಅರ್ಧದಷ್ಟು ಜನ ತೂಕಡಿಸುತ್ತಾರೆ. ಆ ಹೊತ್ತಿಗೆ ಒಂದು ತಿಂಗಳ ನಕಲಿ ಕರ್ತವ್ಯದ ಪಟ್ಟಿ ಮತ್ತು ಬೀಗದ ಕೈ ಪುಸ್ತಕವನ್ನು ಎಲ್ಲರ ಕೈಗೆ ಕೊಟ್ಟು, ಇದರಲ್ಲಿ ಎಲ್ಲಿ ತಿದ್ದಿದೆ ಹುಡುಕಿ ಎಂದು ಹೇಳಿರಿ. ಬೇಕಾದರೆ ಆ ಪುಸ್ತಕವನ್ನು ನಾನೇ ತಯಾರಿಸಿ ಕೊಡುತ್ತೇನೆ, ಯಾವ ಯಾವ ಕಡೆ ತಿದ್ದುತ್ತಾರೆಂಬುದು ನನಗೆ ಗೊತ್ತು.